ಎಂಟು ಗ್ರಹಗಳಿಗೆ ಮಾವ ಕೊಟ್ಟ ಜಾಗ

ನನ್ನ ಸೋದರಮಾವನೆಂದರೆ ಕುದ್ರೋಳಿಯ ನಮ್ಮ ಓಣಿಗೇ ಹೆದರಿಕೆ. ಹಾಗೆಂದು ಅವರೇನು ಪುಂಡರೇ? ಹಂಪನಕಟ್ಟೆಯ ಅಂಗಡಿಗಳಿಗೆ ಬೋರ್ಡು ಬರೆಯುತ್ತಿದ್ದ, ನಾಯಿ ಬೊಗಳಿದರೂ ದಾರಿ ಬಿಡುವ ಸಾಧು ಮನುಷ್ಯ! ಹೆದರಿಸುತ್ತಿದ್ದದ್ದು ಅವರ ಚಿತ್ರಗಳು.

ರದ್ದಿ ಪೇಪರಿನ ನಡುವೆ ಅವರಿಗೊಂದು ವಿದೇಶೀ ಪತ್ರಿಕೆ ಸಿಕ್ಕಿತ್ತು. ಅದರ ತುಂಬ ದೊಡ್ಡ ದೂರದರ್ಶಕದಿಂದ ತೆಗೆದ ಆಕಾಶದ ಫೋಟೋಗಳು. ಅಂದಿನಿಂದ ಬೋರ್ಡು ಬರೆದು ಮಿಕ್ಕ ಬಣ್ಣವೆಲ್ಲ ಕಪ್ಪು ಕೆಂಪು ಸುಳಿಗಳಾಗತೊಡಗಿತು. ಒಂದು ಸುಳಿ ಹೋಟೆಲೊಂದರ ಬೋರ್ಡಿಗೂ ನುಗ್ಗಿತು.

"ಇದೆಂತ ಮಾರಾಯ? ಕಡ್ಲೆ ಗಸಿ ಚೆಲ್ಲಿದ ಹಾಗೆ ಉಂಟಲ್ಲ. ಒರೆಸು," ಎಂದರು ಹೋಟೆಲಿನವರು.

"ಒಮ್ಮೆ ಹಾಕಿದ ಬಣ್ಣ ನಾನು ಮುಟ್ಟುವುದಿಲ್ಲ."

ಅದು ಮಾವನ ವ್ರತ. ಬೋರ್ಡು ವಾಪಸು ಬಂದು ನಮ್ಮ ಬಚ್ಚಲಿನ ಬಾಗಿಲಾಯಿತು. ಆಮೇಲೆ ನಾನು ಸ್ನಾನಕ್ಕೆ ಹೋಗುತ್ತಿದ್ದದ್ದು ಕಣ್ಣು ಮುಚ್ಚಿಕೊಂಡು!

ಅರುವತ್ತೆರಡನೇ ಇಸವಿಯಲ್ಲಿ ಎಂಟು ಗ್ರಹಗಳು ಒಂದೇ ರಾಶಿಯಲ್ಲಿ ಸೇರುತ್ತವೆ, ಪ್ರಳಯ ಖಂಡಿತ ಎಂದು ಊರೆಲ್ಲ ಗುಲ್ಲು. ಎಲ್ಲೆಲ್ಲೂ ಹೋಮ, ಭಜನೆ. ಮಾವ ಏನು ಮಾಡಿದರು? ನಮ್ಮ ಮನೆಯ ಚಾವಡಿಯ ಗೋಡೆಯ ನಡುವೆ ಎಂಟು ಬಣ್ಣದ ಮುದ್ದೆಗಳನ್ನು ಒಂದಕ್ಕೊಂದು ಒತ್ತಿ ಬರೆದರು! ಮರುದಿನ ಎಂಟಕ್ಕೂ ಕುಂಕುಮ ಬಿದ್ದಿತ್ತು, ಕೆಳಗೆ ಬಾಳೆ ಎಲೆಯಲ್ಲಿ ಎಂಟು ಬಗೆಯ ಧಾನ್ಯ. ಅಜ್ಜಿ ಗ್ರಹಶಾಂತಿ ಮುಗಿಸಿದ್ದರು.

"ಅಮ್ಮ, ಇದು ಬರೀ ಬಣ್ಣ."

"ಬಣ್ಣವಾದರೆ ಒರೆಸು."

ಮಾವ ಒರೆಸಲಿಲ್ಲ.

ಅತ್ತೆಗೆ ಆಗ ದಿನ ತುಂಬಿತ್ತು. ಮೊದಲ ಮಗು ಹುಟ್ಟಿದ ದಿನವೇ ಹೋಗಿತ್ತು. ಈ ಸಲ ಸೂಲಗಿತ್ತಿ ಹೇಳಿದ್ದು ಗ್ರಹಗಳು ಸೇರುವ ಅದೇ ವಾರವನ್ನು. ಅತ್ತೆ ಚಾವಡಿಗೆ ಬರುವುದನ್ನೇ ಬಿಟ್ಟರು. ಒಂದು ಮಧ್ಯಾಹ್ನ ನಾನು ಶಾಲೆಯಿಂದ ಊಟಕ್ಕೆ ಬಂದಿದ್ದಾಗ, ಬಡಿಸುತ್ತ ಮಾವನನ್ನು ಮೆಲ್ಲನೆ ಕೇಳಿದರು: "ನನಗೆ ಹೆದರಿಕೆ ಆಗ್ತದೆ. ನಿಮಗೆ ಆಗುವುದಿಲ್ವಾ?"

ಮಾವ ಅರ್ಧ ಊಟಕ್ಕೇ ಎದ್ದು ಕೈ ತೊಳೆದರು.

ಸಂಜೆ ನಾನು ಶಾಲೆಯಿಂದ ಬಂದಾಗ ಅವರು ಏಣಿಯ ಮೇಲಿದ್ದರು. ಗ್ರಹಗಳನ್ನು ಒಂದೊಂದಾಗಿ ಕೆರೆದು ತೆಗೆದು, ಗೋಡೆಯ ಮೂಲೆಮೂಲೆಗೆ ಹೊಸದಾಗಿ ಬರೆಯುತ್ತಿದ್ದರು. ಒಂದನ್ನಂತೂ ಅಡುಗೆಕೋಣೆಗೇ ದಾಟಿಸಿದ್ದರು. ಬಣ್ಣ ಮೊಣಕೈವರೆಗೆ ಸೋರುತ್ತಿತ್ತು. ಇಷ್ಟು ದಿನ ಚಿತ್ರಕ್ಕೆ ಹೆದರಿದ್ದೆ, ಅಂದು ಮಾವನ ಮುಖ ನೋಡಿ ಹೆದರಿದೆ.

ಅವರು ಅತ್ತೆಯ ಕೈ ಹಿಡಿದು ಚಾವಡಿಗೆ ಕರೆತಂದರು.

"ನೋಡು, ಇನ್ನು ಇವು ಒಟ್ಟು ಸೇರುವುದಿಲ್ಲ. ನಾನು ಬಿಡುವುದಿಲ್ಲ."

ಆ ವಾರವೇ ಹೆಣ್ಣುಮಗು ಹುಟ್ಟಿತು. ಗೋಡೆಯ ನಡುವೆ ಖಾಲಿಯಾದ ಜಾಗದ ಎದುರಿಗೆ ತೊಟ್ಟಿಲು ಕಟ್ಟಿದರು. ಗ್ರಹಗಳೆಲ್ಲ ಚೆದುರಿದುವೆಂದು ಪೇಪರಿನಲ್ಲಿ ಬರುವವರೆಗೂ ಮಾವ ಕುಂಚ ಮುಟ್ಟಲಿಲ್ಲ. ಮಗುವಿನ ಮೂಗಿನ ಬಳಿ ಬಣ್ಣ ಇನ್ನೂ ಮಾಸದ ಬೆರಳಿಟ್ಟು, ಉಸಿರು ಉಂಟೋ ಎಂದು ನೋಡುತ್ತ ಕುಳಿತಿದ್ದರು.