ಎಕೋ ಓಡಿಸಲು ಹೋಗಿ

"ಇವತ್ತಿನಿಂದ ಈ ಮನೆಯಲ್ಲಿ ಸದ್ದಿಗೆ ಸಂಬಂಧಿಸಿದ ಸಮಸ್ತ ವ್ಯವಹಾರವೂ ನನ್ನದು!" ಎಂದು ಊಟದ ಮೇಜಿನ ಮುಂದೆ ನಿಂತು, ಕೈಯಲ್ಲಿ ಸೌಟು ಹಿಡಿದೇ ಘೋಷಿಸಿದೆ. ಮೂರೇ ಮೂರು ವಿಡಿಯೋ ನೋಡಿ ಸೌಂಡ್ ಇಂಜಿನಿಯರ್ ಆದವನು ನಾನು. ಗತ್ತು ಸ್ವಲ್ಪ ಜಾಸ್ತಿಯೇ ಇತ್ತು.

"ಅಪ್ಪನ್ನ ಒಂದ್ ಮಾತು ಕೇಳಬಾರ್ದಾ?" ಎಂದಳು ಹೆಂಡತಿ.

ಅವಳಪ್ಪ ನಲವತ್ತು ವರ್ಷ ಸಭೆ ಸಮಾರಂಭಗಳಿಗೆ ಮೈಕ್ ಕಟ್ಟಿದವರು. ಊರಿಗೆಲ್ಲ 'ಹಲೋ ಚೆಕ್' ಎಂದೇ ಪರಿಚಿತರು. ಈಗ ನಮ್ಮ ಜೊತೆಯೇ ಇದ್ದಾರೆ.

"ಅವರದ್ದು ಹಳೇ ಕಾಲ ಕಣೇ. ಇದು ಡಿಜಿಟಲ್ಲು!"

ನಿಜ ಹೇಳಿಬಿಡುತ್ತೇನೆ, ಮಾವನನ್ನು ದೂರ ಇಟ್ಟಿದ್ದಕ್ಕೆ ಕಾರಣ ಬೇರೆಯೇ ಇತ್ತು. ಸಾಮಾನಿನ ಕೋಣೆಯನ್ನು ಸ್ಟುಡಿಯೋ ಮಾಡುವ ಹುರುಪಿನಲ್ಲಿ, ಅವರು ಪ್ರಾಯದಲ್ಲಿ ಸ್ವಂತ ಕೈಯಾರೆ ಮಾಡಿದ್ದ ಮರದ ಆಂಪ್ಲಿಫೈಯರ್ ಪೆಟ್ಟಿಗೆಯನ್ನು ನಾನು ಗುಜರಿಗೆ ಹಾಕಿದ್ದೆ. ಕೇಳಿದ್ದಕ್ಕೆ "ರಿಪೇರಿಗೆ ಕೊಟ್ಟಿದ್ದೀನಿ ಮಾವ" ಎಂದಿದ್ದೆ. ಮೂರು ವಾರದಿಂದ ದಿನಾ ಬೆಳಿಗ್ಗೆ ಅದೇ ಪ್ರಶ್ನೆ: "ಅಳಿಯಂದಿರೇ, ಪೆಟ್ಟಿಗೆ ಬಂತಾ?" ದಿನಾ ಅದೇ ಉತ್ತರ: "ನಾಳೆ ಬರುತ್ತೆ ಮಾವ." ನಿಜ ಗೊತ್ತಾದರೆ ಈ ಮನೆಯಲ್ಲಿ ನನ್ನ ಮುಖಕ್ಕೆ ಮೂರು ಕಾಸಿನ ಬೆಲೆ ಉಳಿಯುವುದಿಲ್ಲ!

ಇರಲಿ. ನನ್ನ ಪಾಡ್‌ಕಾಸ್ಟಿನ ಹೆಸರು 'ಮನಬಿಚ್ಚಿ'. ಮೊದಲ ಅತಿಥಿ ಒಬ್ಬ ನಿವೃತ್ತ ರೇಡಿಯೋ ವಾರ್ತಾವಾಚಕರು, ವಯಸ್ಸು ಎಪ್ಪತ್ತೆಂಟು. ಹನ್ನೆರಡು ಸಲ ಫೋನ್ ಮಾಡಿ ಗೋಗರೆದ ಮೇಲೆ, "ಭಾನುವಾರ ನಾಲ್ಕಕ್ಕೆ ಶುರು ಮಾಡಪ್ಪಾ, ಐದಕ್ಕೆ ನಾನು ವಾಕಿಂಗ್ ಹೊರಟೇಬಿಡ್ತೀನಿ" ಎಂದು ಒಪ್ಪಿದ್ದರು. ಅವರ ಮನೆಯಲ್ಲಿ ಅವರು, ನಮ್ಮ ಮನೆಯಲ್ಲಿ ನಾನು, ನಡುವೆ ಇಂಟರ್ನೆಟ್ಟು.

ಭಾನುವಾರ ಕೋಣೆ ಸೇರಿ ಬಾಗಿಲಿಗೆ ಎರಡು ರಗ್ಗು ಇಳಿಬಿಟ್ಟೆ. ಕಿವಿಗೆ ದಪ್ಪ ಹೆಡ್‌ಫೋನ್ ಏರಿಸಿದೆ. ಸದ್ದು ಎಲ್ಲೆಲ್ಲಿಗೆ ಹೋಗಬೇಕು ಎಂದು ಲ್ಯಾಪ್‌ಟಾಪ್ ಕೇಳಿತು. ಪಟ್ಟಿಯಲ್ಲಿ ಮೂರು ಹೆಸರು, ಅದರಲ್ಲೊಂದು ನಾನು ಕಂಡು ಕೇಳರಿಯದ್ದು. ಜಿಪುಣತನ ಯಾಕೆ ಎಂದು ಎಲ್ಲಕ್ಕೂ ಟಿಕ್ ಹಾಕಿದೆ. 'ನಿಮ್ಮ ದನಿ ನಿಮಗೂ ಕೇಳಬೇಕೆ?' ಅದಕ್ಕೂ ಟಿಕ್. ನನ್ನ ದನಿಯನ್ನು ನನ್ನಷ್ಟು ಇಷ್ಟಪಟ್ಟು ಇನ್ಯಾರು ಕೇಳಬೇಕು!

"ನಮಸ್ಕಾರ," ಎಂದರು ಅತಿಥಿ, ಗಂಭೀರವಾಗಿ.

"ನಮಸ್ಕಾರ... ಸ್ಕಾರ... ಕಾರ..." ಎಂದಿತು ಎಲ್ಲಿಂದಲೋ.

ಇಬ್ಬರೂ ಬೆಚ್ಚಿಬಿದ್ದೆವು.

"ಇದೇನಪ್ಪಾ, ಯಾರೋ ನನ್ನನ್ನ ಅಣಕಿಸ್ತಿದ್ದಾರೆ!"

"ಎಕೋ ಸರ್. ತಪ್ಪು ಖಂಡಿತ ನಿಮ್ಮ ಕಡೇದು," ಎಂದೆ, ತಜ್ಞನ ಧಾಟಿಯಲ್ಲಿ.

ಅಲ್ಲಿಂದ ಆ ಹಿರಿಯ ಜೀವವನ್ನು ನಾನು ಪಡಿಸಿದ ಪಾಡು! ಫ್ಯಾನ್ ಆಫ್ ಮಾಡಿಸಿದೆ. ಫ್ರಿಜ್ ಆಫ್ ಮಾಡಿಸಿದೆ. ಕಿಟಕಿ ಮುಚ್ಚಿಸಿದೆ. ಎಕೋ ಜಗ್ಗಲಿಲ್ಲ. ಅವರನ್ನು ಹಾಲಿನಿಂದ ಮಲಗುವ ಕೋಣೆಗೆ, ಅಲ್ಲಿಂದ ಬಟ್ಟೆಯ ಬೀರುವಿನೊಳಕ್ಕೆ ಸಾಗಿಸಿ, ಕೊನೆಗೆ ತಲೆಯ ಮೇಲೆ ಕಂಬಳಿಯನ್ನೂ ಹೊದಿಸಿದೆ. ಪರದೆಯ ಮೇಲೆ ಒಂದು ಮೂಗು, ಅದರ ಮೇಲೊಂದು ಕನ್ನಡಕ, ಇಷ್ಟೇ ಕಾಣುತ್ತಿತ್ತು.

ಈ ನಡುವೆ ಹೆಂಡತಿ ಎರಡು ಸಲ ರಗ್ಗಿನ ಸಂದಿಯಿಂದ ತಲೆ ಹಾಕಿದಳು.

"ರೀ, ನಿಮ್ಮ ಮಾತೆಲ್ಲಾ ಇಲ್ಲಿ..."

"ಶ್! ರೆಕಾರ್ಡಿಂಗ್!"

"ಅಯ್ಯೋ, ಅದನ್ನೇ ಹೇಳೋಕೆ..."

"ಶ್!!"

"ಸರಿ, ಹಾಳಾಗೋಗಿ," ಎಂದು ಬಾಗಿಲು ಎಳೆದುಕೊಂಡಳು.

ಗಂಟೆ ನಾಲ್ಕೂ ನಲವತ್ತು. ಕಂಬಳಿಯೊಳಗಿನಿಂದ ಅತಿಥಿ ನಿಟ್ಟುಸಿರು ಬಿಟ್ಟರು. "ನಮ್ಮ ಕಾಲದಲ್ಲಿ ಒಂದು ಮರದ ಪೆಟ್ಟಿಗೆ ಆಂಪ್ಲಿಫೈಯರ್ ಇದ್ರೆ ಇಡೀ ಮೈದಾನಕ್ಕೆ ಸ್ವಚ್ಛ ಕೇಳಿಸ್ತಿತ್ತು ಕಣಪ್ಪಾ."

ಅವರನ್ನು ನಗಿಸಿ ಸಮಾಧಾನ ಮಾಡೋಣ ಎನಿಸಿತು. ಬಾಯಿ ನನ್ನದೇ, ಬುದ್ಧಿ ಮಾತ್ರ ಆಗ ಎಲ್ಲಿತ್ತೋ! "ಅಂಥದ್ದೊಂದು ನಮ್ಮನೇಲೂ ಇತ್ತು ಸರ್! ನಮ್ಮ ಮಾವ ಮಾಡಿದ್ದು. ಗುಜರಿಗೆ ಹಾಕ್ಬಿಟ್ಟೆ! ರಿಪೇರಿಗೆ ಕೊಟ್ಟಿದ್ದೀನಿ ಅಂತ ದಿನಾ ರೀಲು ಬಿಡ್ತಿದ್ದೀನಿ. ಪಾಪ, ಮಾವನಿಗೆ ಗೊತ್ತಿಲ್ಲ!"

"ಗೊತ್ತಿಲ್ಲ... ಗೊತ್ತಿಲ್ಲ..." ಎಂದಿತು ಎಕೋ.

ಆಮೇಲೆ ಇನ್ನೊಂದು ದನಿ, ನಿಧಾನವಾಗಿ: "ಗೊತ್ತು."

ಕಂಬಳಿಯೊಳಗಿನ ಕನ್ನಡಕ ಹಾರಿಬಿತ್ತು!

ರಗ್ಗು ಕಿತ್ತು ಹೊರಗೋಡಿದೆ. ಹಾಲಿನ ನಡುಮೇಜಿನ ಮೇಲೆ ಕೆಂಪು ದೀಪ ಉರಿಸಿಕೊಂಡು ಕೂತಿತ್ತು ಅದೇ ಮರದ ಪೆಟ್ಟಿಗೆ! ಗುಜರಿಯಿಂದ ಎದ್ದು ಬಂದಿತ್ತು! ಪಕ್ಕದಲ್ಲಿ ಸ್ಕ್ರೂ ಡ್ರೈವರ್ ಹಿಡಿದ ಮಾವ. ಹಿಂದೆ ಸೊಂಟದ ಮೇಲೆ ಕೈಯಿಟ್ಟ ಹೆಂಡತಿ.

"ನೀವು ಹಾಕಿದ ಸಾಯಂಕಾಲಾನೇ ಗುಜರಿಯವನು ಪೆಟ್ಟಿಗೆ ಮೇಲಿದ್ದ ಅಪ್ಪನ ಕೈಬರಹ ಗುರುತು ಹಿಡಿದು ಫೋನ್ ಮಾಡಿದ್ದ," ಎಂದಳು ಅವಳು. "ನೀವಾಗೇ ಹೇಳ್ತೀರೇನೋ ಅಂತ ಮೂರು ವಾರದಿಂದ ಕಾಯ್ತಿದ್ರು."

ಮಾವ ಪೆಟ್ಟಿಗೆಗೆ ತಂತಿಯಿಲ್ಲದೆ ಸದ್ದು ಹಿಡಿಯುವ ವೈರ್‌ಲೆಸ್ ಬಿಲ್ಲೆಯೊಂದನ್ನು ಕೂರಿಸಿ ಇವತ್ತು ಮಧ್ಯಾಹ್ನವಷ್ಟೇ ಚಾಲೂ ಮಾಡಿದ್ದರಂತೆ. ನಾನು ಕಂಡು ಕೇಳರಿಯದ ಆ ಮೂರನೇ ಹೆಸರು ಅದೇ! ನನ್ನ ಟಿಕ್ಕಿನ ಕೃಪೆಯಿಂದ ನಮ್ಮಿಬ್ಬರ ಮಾತೂ ಹಾಲಿನಲ್ಲಿ ಮೊಳಗಿ, ಬಾಗಿಲ ಸಂದಿಯಿಂದ ನುಸುಳಿ, ಮತ್ತೆ ನನ್ನ ಮೈಕಿಗೇ ಬಂದು ಬೀಳುತ್ತಿತ್ತು.

ಮಾವ ಗುಂಡಿಯೊಂದನ್ನು ತಿರುಗಿಸಿದರು. ಎಕೋ ಮಾಯ.

ಕೋಣೆಗೆ ಬಂದು ನನ್ನ ಕುರ್ಚಿಯಲ್ಲಿ ಕೂತು, ಹೆಡ್‌ಫೋನ್ ಏರಿಸಿ, "ಹಲೋ ಚೆಕ್, ಕಂಬಳಿ ತೆಗೀರಿ ಸ್ವಾಮಿ," ಎಂದರು. ಅತಿಥಿಗೆ ಹೋದ ಜೀವ ಬಂದಂತಾಯಿತು. ಇಬ್ಬರೂ ಹಳೇ ಮೈಕು, ಹಳೇ ಸಭೆ ಎಂದು ಶುರು ಹಚ್ಚಿದರು ನೋಡಿ, ಐದು ಹೊಡೆದರೂ ವಾಕಿಂಗಿನ ನೆನಪೇ ಇಲ್ಲ! ನಾನು ರಗ್ಗು ಹಿಡಿದು ಮೂಲೆಯಲ್ಲಿ ನಿಂತಿದ್ದೆ. ಕ್ಷಮೆ ಕೇಳಲು ಬಾಯಿ ತೆರೆದಾಗಲೆಲ್ಲ ಹೆಂಡತಿ "ಶ್! ರೆಕಾರ್ಡಿಂಗ್!" ಎನ್ನುತ್ತಿದ್ದಳು.

ಕೊನೆಗೆ ಅತಿಥಿ ಕೇಳಿದರು, "ಅಂದ್ರೆ ಪೆಟ್ಟಿಗೆ ನಿಜವಾಗ್ಲೂ ರಿಪೇರಿ ಆಯ್ತು ಅನ್ನಿ?"

ಮಾವ ನನ್ನ ಕಡೆ ತಿರುಗಿ ನೋಡಿದರು. "ಪೆಟ್ಟಿಗೆ ಆಯ್ತು ಸ್ವಾಮಿ. ಅಳಿಯಂದಿರದ್ದು... ನಾಳೆ ಬರುತ್ತೆ."