ಸಿಲಿಂಡರಿಗೆ ಮಂಗಳಾರತಿ

ಮಸ್ಕತ್ತಿನಿಂದ ಸೂರತ್ತಿನವರೆಗೆ ಕಟ್ಟಡದ ಸೈಟುಗಳಲ್ಲಿ ಬೆಂಕಿ ಬೀಳದಂತೆ ಕಾಯುವ ಕೆಲಸ ಮಾಡಿ ಬಂದೆ. ಊರು ಬದಲಾಯಿತು, ಕಡ್ಡಿ ಗೀರುವ ಕೈ ಮಾತ್ರ ಎಲ್ಲೆಡೆ ಅದೇ. ಈಗ ಕೊಟ್ಟೂರಿನಲ್ಲಿ ಏಳುತ್ತಿರುವ ಒಂದು ಕಲ್ಯಾಣಮಂಟಪಕ್ಕೆ ನಾನು ಸೇಫ್ಟಿ ಮೇಡಂ. ಇಲ್ಲಿಯ ವೆಲ್ಡರ್ ಹೋದ ವರ್ಷ ಹಡಗಲಿ ಕಡೆ ಎರಡೂ ಹುಬ್ಬು ಸುಟ್ಟುಕೊಂಡವನು. ಮೊದಲ ದಿನವೇ ಅವನ ಹೆಂಡತಿ ಬಂದು, "ಅಕ್ಕಾರ, ಹುಬ್ಬು ಹೋದ್ರ ಹೋತು, ಮನಷ್ಯಾನ್ನ ಪೂರ್ತಿ ವಾಪಸ್ ಕಳಸ್ರಿ" ಅಂದಳು. ಹೂಂ ಅಂದುಬಿಟ್ಟೆ. ಅಲ್ಲಿಗೆ ನನ್ನ ನೆಮ್ಮದಿ ಮುಗಿಯಿತು.

೧. ಕೆಂಪು ಬಕೆಟ್

ಬೆಂಕಿ ಬಿದ್ದರೆ ಇರಲಿ ಎಂದು ನಾಲ್ಕು ಕೆಂಪು ಬಕೆಟ್‌ಗಳಲ್ಲಿ ಮರಳು ತುಂಬಿಸಿ ತೂಗುಹಾಕಿಸಿದೆ. ವಾರದೊಳಗೆ ನಾಲ್ಕೂ ಖಾಲಿ. ಮೇಸ್ತ್ರಿಯನ್ನು ಕೇಳಿದೆ.

"ಗ್ವಾಡಿಗೆ ಹೋತ್ರಿ. ಜರಡಿ ಹಿಡದ ಮರಳು, ಸುಮ್ನ ತೂಗಾಡ್ತಿತ್ತು."

"ಬೆಂಕಿ ಬಿದ್ರೆ?"

"ಗ್ವಾಡಿ ಸುಡಂಗಿಲ್ಲ ಬಿಡ್ರಿ, ಅದರಾಗ ಮರಳೈತಿ."

೨. ಗುಳ್ಳೆ

ಗ್ಯಾಸ್ ಪೈಪು ಸೋರುತ್ತಿದೆಯೇ ಎಂದು ವೆಲ್ಡರ್ ಕಡ್ಡಿ ಗೀರಿ ನೋಡುತ್ತಿದ್ದ. ಹುಬ್ಬು ಹೋದದ್ದು ಹೇಗೆಂದು ಆಗ ತಿಳಿಯಿತು. ಸೋಪಿನ ನೀರು ಹಚ್ಚು, ಗುಳ್ಳೆ ಎದ್ದರೆ ಸೋರಿಕೆ ಎಂದು ಕಲಿಸಿದೆ. ಮರುದಿನ ಖಾಲಿ ಕೆಂಪು ಬಕೆಟ್ಟೊಂದರ ತುಂಬ ಸೋಪಿನ ನೀರು ಕಲಸಿಟ್ಟಿದ್ದ. ಹಚ್ಚಿದ, ಗುಳ್ಳೆ ಎದ್ದವು. ಬದುಕಿನಲ್ಲಿ ಒಬ್ಬನಾದರೂ ನನ್ನ ಮಾತು ಕೇಳಿದ ಎಂದು ಕಣ್ಣು ತುಂಬಿತು. ಅಷ್ಟರಲ್ಲಿ ಅವನು ಜೇಬಿನಿಂದ ಕಡ್ಡಿಪೆಟ್ಟಿಗೆ ತೆಗೆದ.

"ಮತ್ಯಾಕೋ ಅದು?"

"ಗುಳ್ಳಿ ಗ್ಯಾಸಿಂದೋ ಸೋಪಿಂದೋ ನೋಡಬೇಕಲ್ರಿ?"

೩. ಅಮಾವಾಸ್ಯೆ

ಅಮಾವಾಸ್ಯೆ ಬಂದರೆ ಇಲ್ಲಿ ಎಲ್ಲ ಯಂತ್ರಕ್ಕೂ ಪೂಜೆ. ನಾನು ಬರುವ ಹೊತ್ತಿಗೆ ಮಿಕ್ಸರಿಗೆ ನಿಂಬೆಹಣ್ಣು ಆಗಿತ್ತು, ವೆಲ್ಡರ್ ಗ್ಯಾಸ್ ಸಿಲಿಂಡರಿನ ನೆತ್ತಿಯ ಮೇಲೆ ಕರ್ಪೂರ ಹಚ್ಚಿದ್ದ.

"ಲೇ, ಸಿಡಿತೈತಲೇ!"

"ಸಿಡಿಬಾರ್ದು ಅಂತಾನ ಪೂಜಿ ಮಾಡಾಕತ್ತೀನ್ರಿ ಅಕ್ಕಾರ."

ಕರ್ಪೂರ ಜಾರಿತು, ಪಕ್ಕದ ಗೋಣಿಚೀಲ ಹತ್ತಿಕೊಂಡಿತು. ಬೆಂಕಿ ನಂದಿಸುವ ಡಬ್ಬಿಯತ್ತ ಓಡಿದೆ. ಅದಕ್ಕೂ ಪೂಜೆಯಾಗಿ, ಹಿಡಿಕೆಗೆ ದಾರ ಸುತ್ತಿ ಗಂಟು ಬಿಗಿದಿದ್ದರು. "ಚಪ್ಲಿ ಬಿಟ್ಟು ಮುಟ್ರಿ!" ಎಂದು ಮೇಸ್ತ್ರಿ ಕೂಗಿದ. ಮರಳು ಗೋಡೆ ಸೇರಿತ್ತು. ಕೊನೆಗೆ ವೆಲ್ಡರನ ಸೋಪಿನ ನೀರನ್ನೇ ಎತ್ತಿ ಸುರಿದೆ. ಬೆಂಕಿ ಆರಿತು. ಅವನು ನೊರೆಯಲ್ಲಿ ಮಿಂದು, ಹೊಸದಾಗಿ ಬೆಳೆದ ಹುಬ್ಬಿನ ಸಮೇತ ಉಳಿದ.

ವರದಿಯಲ್ಲಿ 'ಕಾರಣ' ಎಂಬ ಕಡೆ 'ಭಕ್ತಿ' ಎಂದು ಬರೆದೆ.

ಮುಂದಿನ ಅಮಾವಾಸ್ಯೆಗೆ ಸಿಲಿಂಡರಿನ ಹತ್ತಿರ ಕರ್ಪೂರದ ಸುಳಿವಿಲ್ಲ. ಅಂತೂ ಗೆದ್ದೆ ಅಂದುಕೊಂಡು ನನ್ನ ಹೆಲ್ಮೆಟ್ ತರಲು ಹೋದರೆ, ಅದರ ಮುಂದೆ ವೆಲ್ಡರನ ಹೆಂಡತಿ ಕೈಮುಗಿದು ನಿಂತಿದ್ದಾಳೆ. "ನಮ್ಮನಿಯವ್ರನ್ನ ಉಳಿಸಿದ ತಲಿ ಮ್ಯಾಲಿದ್ದದ್ದು ಇದ ಅಲ್ರಿ ಅಕ್ಕಾರ?" ಹೆಲ್ಮೆಟ್ಟಿನ ಮೇಲೆ ಕರ್ಪೂರ ಧಗಧಗ ಉರಿಯುತ್ತಿತ್ತು.

ಹೆಲ್ಮೆಟ್ಟು ಪ್ಲಾಸ್ಟಿಕ್ಕಿನದು. ಈಗ ನೆತ್ತಿಯಲ್ಲೊಂದು ತೂತಿದೆ. ಕೊಟ್ಟೂರಿನ ಬೇಸಿಗೆಗೆ ಗಾಳಿ ಚೆನ್ನಾಗಿ ಬರುತ್ತದೆ.