ಉತ್ತರದ ಕಿಟಕಿಯ ಸೀಟು

ಸೇತುರಾಮನಿಗೆ ಬೇಕಾಗಿದ್ದುದು ಬಡ್ತಿಯಲ್ಲ, ಬಿಸಿಲು ಬೀಳದ ಜಾಗದಲ್ಲಿ ಒಂದು ಕುರ್ಚಿ. ಜಯನಗರದ ಕಚೇರಿಯಲ್ಲಿ ಅವನ ಮೇಜು ಪಶ್ಚಿಮದ ಕಿಟಕಿಯ ಬುಡದಲ್ಲಿತ್ತು. ಮಧ್ಯಾಹ್ನ ಊಟ ಮುಗಿಸಿ ಕೂತರೆ ಬೆನ್ನು ಕಾವಲಿಯ ಮೇಲಿನ ರೊಟ್ಟಿಯಂತೆ ಕಾಯುತ್ತಿತ್ತು. ಸಹಾಯಕ ವಾಸ್ತುಶಿಲ್ಪಿಯಾಗಿ ಊರಿಗೆಲ್ಲ ನೆರಳು ಬರೆದುಕೊಟ್ಟವನಿಗೆ ತನಗೊಂದು ನೆರಳಿರಲಿಲ್ಲ.

ಎಂಬತ್ಮೂರರ ಬೇಸಿಗೆ. ಕರೆಂಟು ಹೋಗುವುದಲ್ಲ, ಬರುವುದೇ ಸುದ್ದಿಯಾಗಿದ್ದ ಕಾಲ. ಕತ್ರಿಗುಪ್ಪೆಯಲ್ಲಿ ಕರೆಂಟು ಉಳಿಸುವಂಥ ಹೊಸ ಕಚೇರಿ ಕಟ್ಟಬೇಕೆಂದು ಮೇಲಿನಿಂದ ಆಜ್ಞೆಯಾಯಿತು. ಮುಖ್ಯ ಇಂಜಿನಿಯರ್ ಬದರಿನಾಥರು ಆಗಷ್ಟೇ ಒಂದು ಸೆಮಿನಾರಿಗೆ ಹೋಗಿ ಹೊಸ ಮಂತ್ರ ಕಲಿತು ಬಂದಿದ್ದರು: ಒಬ್ಬರು ಬರೆದದ್ದನ್ನು ಆಮೇಲೆ ಇನ್ನೊಬ್ಬರು ಕೆಡಿಸುವುದು ಬೇಡ, ಮೊದಲ ದಿನದಿಂದಲೇ ಎಲ್ಲ ವಿಭಾಗದವರೂ ಒಟ್ಟಿಗೆ ಕೂರಬೇಕು. ಹಾಗೆ ಕೂತರೆ ಒಟ್ಟಿಗೇ ಕೆಡಿಸಬಹುದು ಎಂಬುದು ಸೇತುರಾಮನಿಗೆ ಹೊಳೆಯಲಿಲ್ಲ, ಪಾಪ.

ಮೊದಲ ಸಭೆಯ ಬೆಳಗ್ಗೆ ಹುರುಪಿನಿಂದ ಎಲ್ಲರ ಮುಂದೆ ನಕ್ಷೆ ಹಾಸಿದ. ಪೂರ್ವ ಪಶ್ಚಿಮಕ್ಕೆ ಉದ್ದನೆಯ ಒಂದೇ ಹಜಾರ. ಉತ್ತರಕ್ಕೆ ಸಾಲುಗಿಟಕಿ, ಬೆಳಕುಂಟು, ಬಿಸಿಲಿಲ್ಲ. ಹಗಲು ದೀಪ ಬೇಡ, ಫ್ಯಾನು ನಾಲ್ಕಾರು ಸಾಕು. ಕೆಲಸ ಮಾಡಿಸಿಕೊಳ್ಳಲು ಬಂದ ಜನರೂ ನೌಕರರೂ ಒಂದೇ ತಂಪಿನಲ್ಲಿ. ಅದರಲ್ಲಿ ಒಂದು ಕಿಟಕಿಯನ್ನು ಅವನು ಮನಸ್ಸಿನಲ್ಲೇ ತನ್ನದೆಂದುಕೊಂಡಿದ್ದ.

ಎಲೆಕ್ಟ್ರಿಕಲ್ ಇಂಜಿನಿಯರ್ ಜಯದೇವಪ್ಪನವರ ಮುಖ ಹುಳ್ಳಗಾಯಿತು. ದೀಪವಿಲ್ಲ, ಫ್ಯಾನಿಲ್ಲ ಎಂದರೆ ತಮ್ಮ ಸೆಕ್ಷನ್ನು ಭಜನೆ ಮಾಡಬೇಕೇ ಎಂದರು. ಬದರಿನಾಥರು ಟೀಮು, ಟೀಮು ಎಂದು ಪೂಸಿ ಹೊಡೆದ ಮೇಲೆ ತ್ಯಾಗಕ್ಕೆ ಒಪ್ಪಿದರು. ಆದರೆ ಫ್ಯಾನು ಕಡಿಮೆಯಾದ್ದರಿಂದ ತಮಗೆ ಉತ್ತರಕ್ಕೆ ಪ್ರತ್ಯೇಕ ಕೋಣೆ ಬೇಕು ಎಂದರು.

ಅಲ್ಲಿಗೆ ಕೆಟ್ಟಿತು. ಲೆಕ್ಕಪತ್ರದ ಸೀತಾಲಕ್ಷ್ಮಿ ಮೇಡಂ, ಅವರಿಗಿದ್ದರೆ ನನಗೂ ಎಂದರು. ಸಿವಿಲ್ಲಿನ ಸಂಜೀವಯ್ಯನವರು ಗೋಡೆ ಎಬ್ಬಿಸುವವನು ನಾನೇ ಎಂದು ನೆನಪಿಸಿ ಎರಡು ಕಿಟಕಿ ಕಿತ್ತುಕೊಂಡರು. ಬದರಿನಾಥರು ತಮಗೇನೂ ಬೇಡ ಎನ್ನುತ್ತಲೇ ಒಂದು ಕೋಣೆ, ಒಂದು ವಿಶ್ರಾಂತಿ ಕೋಣೆ, ಅದಕ್ಕಂಟಿದಂತೆ ಒಂದು ಕಕ್ಕಸು ಬರೆಸಿಕೊಂಡರು. ಕಾಫಿ ಬರುವಷ್ಟರಲ್ಲಿ ಸೇತುರಾಮನ ರಬ್ಬರು ಸವೆದಿತ್ತು. ಕಕ್ಕಸಿಗೂ ಉತ್ತರದ ಕಿಟಕಿ ಸಿಕ್ಕಿತು, ಅವನಿಗೆ ಸಿಗಲಿಲ್ಲ.

"ಸಾರ್, ಜನ ಎಲ್ಲಿ ನಿಲ್ತಾರೆ?" ಎಂದ. ಹಜಾರವೇ ಉಳಿದಿರಲಿಲ್ಲ.

"ಹೊರಗೆ ನಿಲ್ಲಲಿ ಬಿಡ್ರಿ. ಪಶ್ಚಿಮದ ಗೋಡೇಲಿ ಒಂದು ಕೌಂಟರ್ ಕಿಟಕಿ ಇಡಿ," ಎಂದರು ಜಯದೇವಪ್ಪ.

ಬದರಿನಾಥರ ಕಣ್ಣರಳಿತು. ಜನ ಒಳಗೇ ಬರದಿದ್ದರೆ ಅವರಿಗೆ ದೀಪವೂ ಬೇಡ, ಫ್ಯಾನೂ ಬೇಡ. ಸೇತುರಾಮನ ನಕ್ಷೆಗಿಂತ ಇದರಲ್ಲೇ ಕರೆಂಟು ಕಡಿಮೆ! ಟೀಮ್ ವರ್ಕ್ ಅಂದರೆ ಇದು ಎಂದು ಮೇಜು ಕುಟ್ಟಿದರು. ಎಲ್ಲರೂ ಸಹಿ ಹಾಕಿದರು. ಸೇತುರಾಮನಿಗೆ ಅಳುವೇ ಬಂತು; ಕಣ್ಣಿಗೆ ಕಸ ಬಿತ್ತೆಂದು ಒರೆಸಿಕೊಂಡ.

ಅವನ ಮುಖ ನೋಡಿ ಬದರಿನಾಥರಿಗೆ ಕನಿಕರವಾಯಿತು. ಇಷ್ಟು ದುಡಿದಿದ್ದೀರಿ, ನಿಮಗೇನು ಬೇಕು ಕೇಳಿ ಎಂದರು. ಅವನು ನಾಚಿಕೆ ಬಿಟ್ಟು, ಕಿಟಕಿ ಪಕ್ಕ ಒಂದು ಸೀಟು ಸಾಕು ಎಂದ.

"ಅಷ್ಟೇನಾ? ಆ ಕೌಂಟರ್ ಕಿಟಕಿ ಪಕ್ಕಾನೇ ತಗೊಳ್ಳಿ. ಕ್ಯೂನಲ್ಲಿ ನಿಂತವರಿಗೆ ವಿವರ ಹೇಳೋಕೆ ಒಬ್ಬರು ಬೇಕೇ ಬೇಕು."

ಮತ್ತೆ ಪಶ್ಚಿಮವೇ. ಆದರೂ ಹೊಸ ಕಟ್ಟಡ, ಏನಾದರೂ ಮಾಡಬಹುದು ಎಂದು ಸೇತುರಾಮ ಸಮಾಧಾನ ಮಾಡಿಕೊಂಡ. "ಒಳಗೊಂದು ಪರದೆ ಹಾಕಿಸ್ಕೋಬಹುದಾ ಸಾರ್?"

"ಒಳಗ್ಯಾಕ್ರೀ? ನಿಮ್ಮ ಸೀಟು ಹೊರಗಡೆ. ಒಳಗೆ ಕೂತ್ರೆ ನಿಮಗೂ ಒಂದು ಫ್ಯಾನ್ ಹಾಕ್ಬೇಕಾಗುತ್ತಲ್ಲ."